ಹಳೆಯ ಜಿಪ್ಸಿಯ ಜೀರ್ಣೋದ್ಧಾರ

ಮೂಡಿಗೆರೆ ಸೀಮೆಯ ತಾಯಿಯವರೊಬ್ಬರು ಈ ಅಂಕಣಕ್ಕೆಂದು ಬರೆದ ಪತ್ರವು ಕಳೆದ ತಿಂಗಳು ನನ್ನ ಕೈಸೇರಿತು. ಸಾಮಾನ್ಯವಾಗಿ ಈ ಪುಟಕ್ಕೆ ಬರುವ ಪತ್ರಗಳು ಮಕ್ಕಳ ವಿದ್ಯಾಭ್ಯಾಸ, ಲಗ್ನದ ಖರ್ಚು, ಅಣ್ಣತಮ್ಮಂದಿರ ಪಾಲಿನ ತಕರಾರು ಮೊದಲಾದ ಗೃಹಕೃತ್ಯಗಳನ್ನು ಕುರಿತವಾಗಿರುತ್ತವೆ. ಈ ಪತ್ರದ ವಿಷಯವೊಂದು ವಾಹನ. ಆದರೂ ಇದು ಗೃಹಕೃತ್ಯದ ಹೊರಗಿನದಲ್ಲವೆಂಬುದು ಓದುತ್ತಿದ್ದಂತೆಯೇ ಸ್ಪಷ್ಟವಾಯಿತು.

ಆ ಮನೆಯಲ್ಲಿ 2001ರಲ್ಲಿ ಕೊಂಡ ಮಾರುತಿ ಜಿಪ್ಸಿ ಕಿಂಗ್ ಇದೆ. ತೋಟದ ಮನೆಯಿಂದ ಡಾಂಬರು ರಸ್ತೆಯವರೆಗೆ ನಾಲ್ಕು ಕಿಲೋಮೀಟರು ಮಣ್ಣಿನ ದಾರಿ, ನಡುವೆ ಒಂದು ಹಳ್ಳ, ಹಳ್ಳ ದಾಟಿದೊಡನೆ ಕಡಿದಾದ ಏರು. ಅಲ್ಲಿಂದಾಚೆ ಪೇಟೆಗೆ ಹದಿನೆಂಟು ಕಿಲೋಮೀಟರು. ಹತ್ತನೆಯ ತರಗತಿಯ ಮಗಳನ್ನು ಶಾಲೆಗೆ ಬಿಟ್ಟುಬರಲು ಆ ತಾಯಿಯವರೇ ದಿನವೂ ಗಾಡಿ ನಡೆಸುತ್ತಾರೆ. ಎಂಬತ್ತೆರಡು ವರ್ಷದ ಅತ್ತೆಯವರನ್ನು ತಿಂಗಳಿಗೆ ಎರಡಾವರ್ತಿ ಆಸ್ಪತ್ರೆಗೆ ಕರೆದೊಯ್ಯಬೇಕು. ಮಗ ಎಂಜಿನಿಯರಿಂಗ್ ಮುಗಿಸಿ ಊರಿಗೆ ಬಂದಿದ್ದಾನೆ. ಗಾಡಿಯನ್ನು ಮೂರು ಅಂಗುಲ ಮೇಲೆತ್ತಿಸಿ, ದಪ್ಪ ಹಲ್ಲಿನ ದೊಡ್ಡ ಟೈರು ತೊಡಿಸಿ, ಮುಂದುಗಡೆ ಉಕ್ಕಿನ ಬಂಪರು ಮತ್ತು ವಿಂಚು ಕೂಡಿಸಬೇಕೆಂಬುದು ಅವನ ಹಂಬಲ. ಯಜಮಾನರು ಇದನ್ನು ಮಾರಿ ಹೊಸ ಕಾರು ತರೋಣವೆನ್ನುತ್ತಾರೆ. "ಇಬ್ಬರೂ ಪರಸ್ಪರ ಮಾತು ಬಿಟ್ಟು ಇಪ್ಪತ್ತು ದಿನವಾಯಿತು. ಅತ್ತೆಯವರು ಈಗಲೇ ಇಬ್ಬರ ಆಸರೆ ಹಿಡಿದು ಹತ್ತುತ್ತಾರೆ, ಇನ್ನೂ ಎತ್ತರವಾದರೆ ಹೇಗೆ ಎಂದು ಯಾರೂ ಕೇಳುತ್ತಿಲ್ಲ. ಯಾರ ಮಾತು ಸರಿ, ತಾವು ತಿಳಿಸಬೇಕು" ಎಂದು ಬರೆದಿದ್ದಾರೆ.

ನಾನು ವಾಹನ ನಡೆಸಲು ಕಲಿತವನಲ್ಲ. ಆದರೆ ಮಠದ ಪಾಠಶಾಲೆಯ ದಿನಗಳಿಂದ ಇಂದಿನವರೆಗೆ ನಲವತ್ತು ವರ್ಷಗಳಿಗೂ ಮಿಗಿಲಾಗಿ ಮಲೆನಾಡಿನ ಊರುಕೇರಿಗಳಿಗೆ ಜೀಪು ಜಿಪ್ಸಿಗಳ ಹಿಂಬದಿಯ ಅಡ್ಡಬೆಂಚಿನ ಮೇಲೆ ಕುಳಿತು ಹೋಗಿಬಂದವನು. ಚಾಲಕನಿಗೆ ಹಿಡಿದುಕೊಳ್ಳಲು ಸ್ಟೀರಿಂಗಾದರೂ ಇರುತ್ತದೆ. ಹಿಂದೆ ಕುಳಿತವನಿಗೆ ಗಾಡಿಯ ಗುಣದೋಷಗಳು ನೇರವಾಗಿ ಬೆನ್ನುಮೂಳೆಗೇ ತಿಳಿಯುತ್ತವೆ. ಪತ್ರ ಬಂದ ಮೇಲೆ ಈ ಕಸುಬಿನಲ್ಲಿ ನುರಿತ ಇಬ್ಬರು ಹಿರಿಯ ಮೆಕ್ಯಾನಿಕರೊಡನೆ ಕುಳಿತು ವಿಚಾರಿಸಿ, ಸಂಬಂಧಪಟ್ಟ ಕಾನೂನನ್ನೂ ತಿರುವಿಹಾಕಿ ಈ ಉತ್ತರವನ್ನು ಬರೆಯುತ್ತಿದ್ದೇನೆ. ಹಳೆಯ ಜಿಪ್ಸಿಗಳು ನಮ್ಮ ಕಾಫಿ ಸೀಮೆಯ ಮನೆಗಳಲ್ಲಿ ಇನ್ನೂ ಬಹಳಷ್ಟಿರುವುದರಿಂದ ಇದು ಒಂದೇ ಮನೆಯ ಪ್ರಶ್ನೆಯಾಗಿ ಉಳಿಯಲಾರದು.

ಮೊದಲು ಗಾಡಿಯ ಪೂರ್ವೋತ್ತರ. ಜಪಾನಿನ ಸುಜುಕಿ ಸಂಸ್ಥೆಯು 1970ರಲ್ಲಿ ಜಿಮ್ನಿ ಎಂಬ ಪುಟ್ಟ ಗಾಡಿಯನ್ನು ಹೊರತಂದಿತು. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹರಿಯುವ ಗಾಡಿಗಳ ಪೈಕಿ ಅದು ಬಹು ಹಗುರವಾದುದು. ಅದರ ಎರಡನೆಯ ತಲೆಮಾರಿನ ಉದ್ದನೆಯ ರೂಪವೇ 1985ರ ಡಿಸೆಂಬರಿನಲ್ಲಿ ನಮ್ಮ ದೇಶಕ್ಕೆ ಮಾರುತಿ ಜಿಪ್ಸಿಯಾಗಿ ಬಂದಿತು. ಆರಂಭದಲ್ಲಿ 970 ಸಿ.ಸಿ.ಯ ಎಂಜಿನ್, ನಾಲ್ಕು ಗೇರು. 1993ರಲ್ಲಿ ಎಡಬಲ ಚಕ್ರಗಳ ನಡುವಣ ಅಂತರವನ್ನು 90 ಮಿಲಿಮೀಟರಿನಷ್ಟು ಹಿಗ್ಗಿಸಿದರು. ಈ ಅಂಕಿಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ. 1996ರಲ್ಲಿ 1298 ಸಿ.ಸಿ.ಯ ಜಿಪ್ಸಿ ಕಿಂಗ್ ಬಂದಿತು. 2000ದಲ್ಲಿ ಕಾರ್ಬುರೇಟರು ಹೋಗಿ ಎಂ.ಪಿ.ಎಫ್.ಐ. ಪದ್ಧತಿ ಸೇರಿ, ಎಂಜಿನ್ನಿನ ಬಲ 80 ಅಶ್ವಶಕ್ತಿಗೆ ಏರಿತು. ಸೈನ್ಯ, ಪೊಲೀಸು, ಅರಣ್ಯ ಇಲಾಖೆ ಎಲ್ಲವೂ ನೆಚ್ಚಿಕೊಂಡ ಈ ಗಾಡಿಯ ಮಾರಾಟ ಜನಸಾಮಾನ್ಯರ ಪಾಲಿಗೆ 2019ರಲ್ಲಿ ನಿಂತುಹೋಯಿತು. ಜಿಮ್ನಿ ಎಂಬ ಮೂಲ ಹೆಸರಿನಲ್ಲಿಯೇ ಐದು ಬಾಗಿಲಿನ ಹೊಸ ಗಾಡಿ 2023ರಲ್ಲಿ ಬಂದಿದೆ. ಅದರ ಬೆಲೆ ಬೇರೆ, ಮಾತು ಬೇರೆ.

ಇನ್ನು ವಿಷಯಕ್ಕೆ ಬರೋಣ. ನಮ್ಮ ಶಾಸ್ತ್ರಭಾಷೆಯಲ್ಲಿ ಸಂಸ್ಕಾರ, ವಿಕಾರ ಎಂಬ ಎರಡು ಮಾತುಗಳಿವೆ. ಎರಡೂ ಒಂದೇ ಧಾತುವಿನಿಂದ ಹುಟ್ಟಿದವು. ವಸ್ತುವಿನಲ್ಲಿರುವ ಯೋಗ್ಯತೆಯು ಹೊರಹೊಮ್ಮುವಂತೆ ಮಾಡುವುದು ಸಂಸ್ಕಾರ. ವಸ್ತು ತನ್ನ ಸ್ವರೂಪವನ್ನೇ ಬಿಟ್ಟು ಬೇರೊಂದಾಗುವುದು ವಿಕಾರ. ಹಳೆಯ ಗಾಡಿಯ ವಿಷಯದಲ್ಲಿ ಗ್ಯಾರೇಜಿನವರು ಈ ಎರಡನ್ನೂ ಒಂದೇ ಮಾತಿನಲ್ಲಿ "ಮಾಡಿಫಿಕೇಶನ್" ಎಂದು ಕರೆಯುವುದರಿಂದಲೇ ಅರ್ಧ ಗೊಂದಲ. ಕಾಡುದಾರಿಯ ಪಂದ್ಯಕ್ಕೆಂದೇ ಮೀಸಲಾದ ಗಾಡಿಗೆ ಏನನ್ನಾದರೂ ಮಾಡಬಹುದು. ಅದನ್ನು ಲಾರಿಯ ಮೇಲೆ ಹೇರಿಕೊಂಡು ಹೋಗುವವರೂ ಇದ್ದಾರೆ. ಆದರೆ ಒಂದೇ ಗಾಡಿ ಬೆಳಿಗ್ಗೆ ಹಳ್ಳ ಹತ್ತಿ, ಅರ್ಧ ಗಂಟೆಯ ಮೇಲೆ ಬಸ್ಸು ಲಾರಿಗಳ ನಡುವೆ ಮಗುವನ್ನು ಕೂರಿಸಿಕೊಂಡು ಓಡಬೇಕಾದರೆ, ಒಂದು ಕೆಲಸಕ್ಕೆ ಕೂಡಿಸಿದ್ದು ಮತ್ತೊಂದು ಕೆಲಸದಿಂದ ಕಳೆದೇ ತೀರುತ್ತದೆ. ಎಷ್ಟು ಕೂಡಿತು, ಎಷ್ಟು ಕಳೆಯಿತು ಎಂಬ ಲೆಕ್ಕವನ್ನು ಆ ಮಗ ಇನ್ನೂ ಹಾಕಿದಂತಿಲ್ಲ.

ಹಳೆಯ ಗುಡಿಯ ಜೀರ್ಣೋದ್ಧಾರಕ್ಕೆ ಹೊರಟವರು ಮೊದಲು ತಳಪಾಯ ನೋಡುತ್ತಾರೆ, ಕಳಶವನ್ನಲ್ಲ. ಇಪ್ಪತ್ತು ವರ್ಷ ಮೀರಿದ ಜಿಪ್ಸಿಯ ತಳಪಾಯವೆಂದರೆ ಅದರ ಚಾಸಿ, ಅಂದರೆ ಏಣಿಯಾಕಾರದ ಉಕ್ಕಿನ ಚೌಕಟ್ಟು. ಮಲೆನಾಡಿನ ಮಳೆಯಲ್ಲಿ ಕೆಸರು ಈ ಚೌಕಟ್ಟಿನ ಸಂದುಗಳಲ್ಲಿ ಕುಳಿತು ತಿಂಗಳುಗಟ್ಟಲೆ ಒಣಗದೆ ತುಕ್ಕಾಗುತ್ತದೆ. ಮೇಲೆ ಕಪ್ಪು ಬಣ್ಣ ಬಳಿದಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ಬಡಿಯುತ್ತ ಹೋದರೆ ಗಟ್ಟಿ ಉಕ್ಕು ಖಣಿಲೆನ್ನುತ್ತದೆ, ತುಕ್ಕು ತಿಂದ ಜಾಗ ಒಡೆದ ಮಡಕೆಯಂತೆ ಬೊದ್ದೆನ್ನುತ್ತದೆ. ಸ್ಪ್ರಿಂಗುಗಳು ಚೌಕಟ್ಟಿಗೆ ಸೇರುವ ಕಡೆ, ಹಿಂದಿನ ಚಕ್ರಗಳ ಮೇಲ್ಭಾಗ, ಚಾಲಕನ ಕಾಲ ಕೆಳಗಿನ ತಗಡು, ಇವುಗಳನ್ನು ವಿಶೇಷವಾಗಿ ನೋಡಬೇಕು. ತುಕ್ಕು ಹಿಡಿದ ಚಾಸಿಯ ಮೇಲೆ ವಿಂಚು ಕೂರಿಸುವುದು ಗೆದ್ದಲು ತಿಂದ ತೊಲೆಗೆ ತೊಟ್ಟಿಲು ಕಟ್ಟಿದಂತೆ.

ಅನಂತರ ಚಕ್ರದ ಸಂದುಗಳು. ಜಿಪ್ಸಿಯ ಮುಂದೆ ಹಿಂದೆ ಎರಡೂ ಕಡೆ, ಎತ್ತಿನಗಾಡಿಗಿರುವಂತೆ, ಒಂದು ಚಕ್ರದಿಂದ ಮತ್ತೊಂದು ಚಕ್ರದವರೆಗೆ ಅಖಂಡವಾದ ಅಚ್ಚು ಇದೆ. ಅದರ ಮೇಲೆ, ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಇದೇ ಲೀಫ್ ಸ್ಪ್ರಿಂಗು. ಮುಂಚಕ್ರಗಳು ತಿರುಗುವ ಕಡೆ ಕಿಂಗ್ ಪಿನ್ನಿನ ಬೇರಿಂಗುಗಳಿವೆ. ಇವು ಸವೆದರೆ, ಸ್ಟೀರಿಂಗಿನ ರಾಡುಗಳ ತುದಿ ಸಡಿಲವಾದರೆ, ಇಲ್ಲವೆ ಸ್ಪ್ರಿಂಗಿನ ರಬ್ಬರ್ ಬುಷ್ಷುಗಳು ಹರಿದರೆ, ಗಾಡಿ ಅರವತ್ತು ಎಪ್ಪತ್ತರ ವೇಗದಲ್ಲಿ ಒಮ್ಮೆಗೇ ಮುಂಚಕ್ರಗಳನ್ನು ನಡುಗಿಸತೊಡಗುತ್ತದೆ. "ಜಿಪ್ಸಿಯೇ ಹಾಗೆ" ಎಂದು ಅನೇಕರು ಸಮಾಧಾನ ಮಾಡಿಕೊಳ್ಳುತ್ತಾರೆ. ಹಾಗಿಲ್ಲ. ಹೊಸ ಜಿಪ್ಸಿ ನಡುಗುತ್ತಿರಲಿಲ್ಲ. ಈ ನಡುಕವಿರುವ ಗಾಡಿಗೆ ಭಾರದ ಟೈರು ತೊಡಿಸಿದರೆ ನಡುಕ ಹೆಚ್ಚುತ್ತದೆಯೇ ಹೊರತು ಅಡಗುವುದಿಲ್ಲ. ಬ್ರೇಕಿನ ರಬ್ಬರ್ ಕೊಳವೆಗಳು ಬಿರುಕು ಬಿಟ್ಟಿವೆಯೆ, ಹಿಂದಿನ ಡ್ರಮ್ಮಿನೊಳಗೆ ಅಚ್ಚಿನ ಎಣ್ಣೆ ಸೋರಿದೆಯೆ, ಶಾಕ್ ಅಬ್ಸಾರ್ಬರುಗಳು ಒದ್ದೆಯಾಗಿವೆಯೆ, ರೇಡಿಯೇಟರಿನ ಒಳಗೆ ಕಿಟ್ಟ ಕಟ್ಟಿದೆಯೆ, ಇವಿಷ್ಟನ್ನೂ ಸರಿಪಡಿಸಿದರೆ ಮಗನು ಎಣಿಸಿಟ್ಟ ಹಣದಲ್ಲಿ ದೊಡ್ಡ ಪಾಲು ಇಲ್ಲಿಯೇ ಸಲ್ಲುತ್ತದೆ. ಹೊರಗೆ ಯಾರಿಗೂ ಕಾಣದ ಖರ್ಚು ಇದು. ತರುಣರಿಗೆ ರುಚಿಸದಿರುವುದು ಸಹಜ.

ಈಗ ಎತ್ತರದ ಮಾತು. ತಂದೆಮಗನ ಜಗಳದ ತಿರುಳು ಇಲ್ಲಿಯೇ ಇರುವುದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಕೊರಕಲು ಬಿದ್ದ ದಾರಿಯಲ್ಲಿ ಗಾಡಿ ಸಿಕ್ಕಿಬೀಳುವುದು ಎಲ್ಲಿ? ಎರಡು ಚಕ್ರದ ಜಾಡುಗಳ ನಡುವಿನ ದಿಣ್ಣೆಗೆ ಅಚ್ಚಿನ ನಡುವೆ ಇರುವ ದಪ್ಪ ಗುಂಡು, ಅಂದರೆ ಡಿಫರೆನ್ಷಿಯಲ್ಲಿನ ಗೂಡು, ತಗುಲಿದಾಗ. ಜಿಪ್ಸಿಯಲ್ಲಿ ನೆಲದಿಂದ ಅತಿ ಕೆಳಗಿನ ಭಾಗದ ಎತ್ತರ 210 ಮಿಲಿಮೀಟರು. ಎತ್ತರದ ಸ್ಪ್ರಿಂಗು ಹಾಕಿದಾಗ ಮೇಲೇಳುವುದು ಸ್ಪ್ರಿಂಗಿನ ಮೇಲಿರುವ ಚಾಸಿ ಮತ್ತು ಬಾಡಿ ಮಾತ್ರ. ಸ್ಪ್ರಿಂಗಿನ ಕೆಳಗಿರುವ ಅಚ್ಚು ಇದ್ದಲ್ಲಿಯೇ ಇರುತ್ತದೆ. ಮೂರು ಅಂಗುಲ ಎತ್ತಿದರೂ ಆ ಗುಂಡು ಒಂದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ! ಎತ್ತರದಿಂದ ಪ್ರಯೋಜನವೇ ಇಲ್ಲವೆನ್ನಲಾರೆ. ಹಳ್ಳದ ದಡ ಹತ್ತುವಾಗ ಮೂತಿ, ಇಳಿಯುವಾಗ ಬಾಲ, ದಿಣ್ಣೆಯ ನೆತ್ತಿಯಲ್ಲಿ ಹೊಟ್ಟೆ ತಗುಲದಂತೆ ಅದು ಕಾಯುತ್ತದೆ. ದೊಡ್ಡ ಬಂಡೆಗಳ ಮೇಲೆ ಹತ್ತಿಸುವವನಿಗೆ ಅದು ಬೇಕಾದೀತು. ಆದರೆ ಇಪ್ಪತ್ತು ವರ್ಷಕ್ಕೂ ಮಿಗಿಲಾಗಿ ದಿನವೂ ಇದೇ ಗಾಡಿ ಹತ್ತಿಳಿದ ನಾಲ್ಕು ಕಿಲೋಮೀಟರು ದಾರಿಗೆ ಅದರ ಅಗತ್ಯವೇನು?

ಅಚ್ಚನ್ನು ಮೇಲೆತ್ತುವ ಉಪಾಯ ಒಂದೇ, ದೊಡ್ಡ ಟೈರು. ಲೆಕ್ಕ ಸರಳವಾಗಿದೆ. ಕಿಂಗ್‌ನ ಮೂಲ ಟೈರಿನ ಅಳತೆ 205/70 ಆರ್ 15, ವ್ಯಾಸ ಸುಮಾರು 668 ಮಿಲಿಮೀಟರು. 215/75 ಹಾಕಿದರೆ ವ್ಯಾಸ 703 ಆಗುತ್ತದೆ. ವ್ಯಾಸದ ಹೆಚ್ಚಳದಲ್ಲಿ ಅರ್ಧ ಮಾತ್ರ ಅಚ್ಚಿಗೆ ದಕ್ಕುವುದರಿಂದ ಗುಂಡು 17 ಮಿಲಿಮೀಟರಿನಷ್ಟು ಏರುತ್ತದೆ. 235/75 ಹಾಕಿದರೆ 33 ಮಿಲಿಮೀಟರು. ಒಂದೂಕಾಲು ಅಂಗುಲದ ಈ ಲಾಭಕ್ಕೆ ತೆರುವ ಬೆಲೆಯನ್ನು ನೋಡಿ. ಚಕ್ರದ ಸುತ್ತಳತೆ ಹತ್ತರಲ್ಲೊಂದು ಪಾಲು ಹೆಚ್ಚಿದ್ದರಿಂದ ಮೀಟರು 60 ತೋರಿಸುವಾಗ ಗಾಡಿ ನಿಜವಾಗಿ 66ರ ಸಮೀಪ ಓಡುತ್ತಿರುತ್ತದೆ. ಎಂಜಿನ್ನಿನ ಎಳೆತ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಈ ಎಂಜಿನ್ನೋ ತನ್ನ ಪೂರ್ಣ ಎಳೆತವನ್ನು 4,500 ಸುತ್ತಿನಲ್ಲಿ ಕೊಡತಕ್ಕದ್ದು, ನಿಧಾನದಲ್ಲಿ ಸ್ವಭಾವತಃ ಬಡವಾದುದು. ಫೋರ್ ವೀಲಿನ ಲೋ ಗೇರಿನಿಂದ ಸಿಗುವ ಲಾಭ ಸುಮಾರು 1.6 ಪಟ್ಟು, ಅದರಲ್ಲಿ ಹತ್ತನೆಯ ಒಂದು ಪಾಲನ್ನು ಟೈರೇ ನುಂಗುತ್ತದೆ. ಹಳ್ಳದ ಏರಿಗೆಂದು ಹಾಕಿಸಿದ ಟೈರು ಆ ಏರಿನಲ್ಲಿಯೇ ಗಾಡಿಯನ್ನು ಸೊರಗಿಸುತ್ತದೆ. ಭಾರವಾದ ದೊಡ್ಡ ಚಕ್ರವನ್ನು ನಿಲ್ಲಿಸಲು ಬ್ರೇಕಿಗೂ ಹೆಚ್ಚು ಶ್ರಮ. ಇಷ್ಟು ದೊಡ್ಡ ಟೈರು ತಿರುವಿನಲ್ಲಿ ಬಾಡಿಗೆ ಉಜ್ಜುವುದರಿಂದ ಗಾಡಿಯನ್ನು ಎತ್ತಲೇಬೇಕಾಗುತ್ತದೆ. ಎತ್ತಿದರೆ ಪ್ರೊಪೆಲ್ಲರ್ ಶಾಫ್ಟುಗಳ ಓರೆ ಹೆಚ್ಚಿ ಯು.ಜೆ. ಕ್ರಾಸುಗಳು ಸವೆಯುತ್ತವೆ, ಬ್ರೇಕಿನ ಕೊಳವೆಗಳು ಗಿಡ್ಡವಾಗುತ್ತವೆ, ಸ್ಟೀರಿಂಗಿನ ರಾಡು ಓರೆಯಾಗಿ ಗುಂಡಿಗೆ ಬಿದ್ದಾಗಲೆಲ್ಲ ಗಾಡಿ ತಾನಾಗಿ ಪಕ್ಕಕ್ಕೆ ಎಳೆಯುತ್ತದೆ. ಒಂದನ್ನು ಮುಟ್ಟಿದರೆ ನಾಲ್ಕನ್ನು ಮುಟ್ಟಬೇಕು.

ಇವೆಲ್ಲಕ್ಕಿಂತ ಗುರುತರವಾದುದು ಮಗುಚುವ ಭಯ. ಹುಲ್ಲು ಹೇರಿದ ಗಾಡಿ ಏಕೆ ಓರೆ ದಾರಿಯಲ್ಲಿ ಮಗುಚುತ್ತದೆಂಬುದು ನಮ್ಮ ರೈತರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಭಾರ ಮೇಲೇರಿದಷ್ಟೂ, ಚಕ್ರಗಳ ನಡುವಣ ಅಗಲ ಕಿರಿದಾದಷ್ಟೂ ಅಪಾಯ ಹೆಚ್ಚು. ನಾನು ನೆನಪಿಡಿರೆಂದ ಅಂಕಿ ಇಲ್ಲಿ ಬರುತ್ತದೆ. ಗಾಡಿಯನ್ನು ಮಾಡಿದವರೇ 1993ರಲ್ಲಿ ಚಕ್ರಗಳನ್ನು 90 ಮಿಲಿಮೀಟರು ಅಗಲಿಸಿದರು, ನಿಲುವಿಗೆ ಅಷ್ಟು ಭದ್ರತೆ ಬಂದಿತು. ಈಗ ಮಗನು 75 ಮಿಲಿಮೀಟರು ಎತ್ತರಿಸಿದರೆ ಕೊಟ್ಟದ್ದನ್ನು ಹಿಂತಿರುಗಿಸಿದಂತೆಯೇ ಸರಿ. ಮಣ್ಣಿನ ದಾರಿಯಲ್ಲಿ ನಿಧಾನವಾಗಿ ಹೋಗುವಾಗ ಇದು ಅರಿವಿಗೆ ಬರದು. ಪೇಟೆಯ ದಾರಿಯ ಹದಿನೆಂಟು ಕಿಲೋಮೀಟರಿನಲ್ಲಿ, ಮಳೆ ಹನಿಯುವ ತಿರುವಿನಲ್ಲಿ, ಎದುರಿಗೆ ಹಸುವೊಂದು ಅಡ್ಡಬಂದಾಗ ಫಕ್ಕನೆ ಸ್ಟೀರಿಂಗ್ ತಿರುಗಿಸಬೇಕಾಗುತ್ತದಲ್ಲ, ಆಗ ಬರುತ್ತದೆ. ಆ ಹೊತ್ತಿನಲ್ಲಿ ಸ್ಟೀರಿಂಗ್ ಹಿಡಿದಿರುವವರು ಮಗನಲ್ಲ, ತಾಯಿ.

ತಾಯಿಯವರ ಕೈಗಳನ್ನೂ ಈ ಚರ್ಚೆಯಲ್ಲಿ ಯಾರೂ ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ಜಿಪ್ಸಿಗೆ ಪವರ್ ಸ್ಟೀರಿಂಗ್ ಇಲ್ಲ. ಅಗಲ ಟೈರು ಹಾಕಿದರೆ ಶಾಲೆಯ ಮುಂದೆ ಗಾಡಿ ತಿರುಗಿಸುವುದು ದಿನನಿತ್ಯದ ಕಸರತ್ತಾಗುತ್ತದೆ. ಅತ್ತೆಯವರ ವಿಷಯವಂತೂ ಸ್ಪಷ್ಟ: ಎಂಬತ್ತೆರಡರ ಮೊಣಕಾಲಿಗೆ ಮೂರು ಅಂಗುಲವೆಂದರೆ ಒಂದು ಮೆಟ್ಟಿಲು. ಅವರಿಗಾಗಿ ಮುಂಬಾಗಿಲ ಬಳಿ ಇಡಬಹುದಾದ, ಕೆಲಸ ಮುಗಿದ ಮೇಲೆ ಒಳಗಿಟ್ಟುಕೊಳ್ಳುವ ಗಟ್ಟಿಯಾದ ಮರದ ಮೆಟ್ಟಿಲೊಂದನ್ನು ಬಡಗಿಯ ಕೈಲಿ ಮಾಡಿಸಿ. ಕಂಬದ ಬಳಿ ಹಿಡಿದುಕೊಳ್ಳಲು ಒಂದು ಹಿಡಿ ಇರಲಿ. ಮಗನ ಪಟ್ಟಿಯಲ್ಲಿ ಇಲ್ಲದಿದ್ದರೂ ಈ ಗಾಡಿಗೆ ಎಲ್ಲಕ್ಕಿಂತ ಮೊದಲು ಆಗಬೇಕಾದ ಮಾರ್ಪಾಡು ಇದು. ಹಿಂದಿನ ಅಡ್ಡಬೆಂಚುಗಳ ಮೇಲೆ ಮಗಳನ್ನು ಕೂರಿಸಿಕೊಂಡು ದೂರ ಹೋಗುವುದು ಬೇಡ. ಮುಂದಿನ ಆಸನದಲ್ಲಿ ಬೆಲ್ಟು ಕಟ್ಟಿ ಕೂರಿಸಬೇಕು. ಆ ಬೆಲ್ಟಿನ ವಯಸ್ಸೂ ಗಾಡಿಯಷ್ಟೇ ಆಗಿದ್ದರೆ ಹೊಸದನ್ನು ಹಾಕಿಸಿ.

ಹಾಗೆಂದು ಮಗನ ಮಾತೆಲ್ಲ ಹುಡುಗಾಟವೆಂದು ತಳ್ಳಿಹಾಕುವವನು ನಾನಲ್ಲ. ಆಷಾಢದಲ್ಲಿ ಆ ದಾರಿಯಲ್ಲಿ ಗಾಡಿ ಹೂತರೆ ಎಳೆಯುವವರಾರು ಎಂಬ ಅವನ ಪ್ರಶ್ನೆ ನಿಜವಾದ ಪ್ರಶ್ನೆ. ಟೈರಿನ ವಿಷಯದಲ್ಲಿ ಅವನು ಅರ್ಧ ಸರಿ. ಅಳತೆ ಬದಲಿಸುವ ಬದಲು ಹಲ್ಲು ಬದಲಿಸಲಿ. ಟೈರಿನಲ್ಲಿ ಕೆಸರಿಗೆಂದೇ ಮಾಡಿದ ದಪ್ಪ ಹಲ್ಲಿನವು ಒಂದು ಬಗೆ. ಅವು ಒದ್ದೆ ಡಾಂಬರಿನ ಮೇಲೆ ಹಿಡಿತ ಕಡಿಮೆ, ಸದ್ದು ಬಹಳ. ಮಣ್ಣು ಡಾಂಬರು ಎರಡಕ್ಕೂ ಹೊಂದುವ, "ಆಲ್ ಟೆರೇನ್" ಎಂದು ಕರೆಯುವ ನಡುತರದವು ಮತ್ತೊಂದು ಬಗೆ. ದಿನವೂ ನಾಲ್ಕು ಕಿಲೋಮೀಟರು ಕೆಸರು, ಹದಿನೆಂಟು ಕಿಲೋಮೀಟರು ಡಾಂಬರು ಇರುವಲ್ಲಿ ಎರಡನೆಯದೇ ಯುಕ್ತ. ಮೂಲ ಅಳತೆಯಲ್ಲಿಯೇ ಅಂಥವನ್ನು ಹುಡುಕಬೇಕು. ಕೆಸರು ಬಹಳವಾದ ದಿನ ಟೈರಿನ ಗಾಳಿಯನ್ನು ಮೂರನೆಯ ಒಂದು ಪಾಲು ಇಳಿಸಿದರೆ ಟೈರು ಅಗಲವಾಗಿ ಹರಡಿ ನೆಲವನ್ನು ಹೆಚ್ಚು ಹಿಡಿಯುತ್ತದೆ. ಇದು ಖರ್ಚಿಲ್ಲದ ಉಪಾಯ. ಆದರೆ ಡಾಂಬರು ಸೇರಿದೊಡನೆ ಗಾಳಿ ತುಂಬಲೇಬೇಕು, ಇಲ್ಲವಾದರೆ ಟೈರು ಕಾದು ಒಡೆಯುತ್ತದೆ. ಆದ್ದರಿಂದ ಬ್ಯಾಟರಿಯಿಂದ ನಡೆಯುವ ಸಣ್ಣ ಗಾಳಿ ಪಂಪು ಮತ್ತು ಪೌಂಡು ನೋಡುವ ಗೇಜು ಗಾಡಿಯಲ್ಲಿರಲಿ.

ವಿಂಚು ಬೇಡ. ಉಕ್ಕಿನ ಬಂಪರು ಮತ್ತು ವಿಂಚು ಸೇರಿದರೆ ಒಬ್ಬ ಆಳಿನ ತೂಕಕ್ಕೆ ಕಡಿಮೆಯಿಲ್ಲದ ಹೊರೆ ಗಾಡಿಯ ಮೂತಿಯ ಮೇಲೆ ಸದಾ ಕುಳಿತಂತೆ. ಒಂದು ಟನ್ನಿನ ಆಸುಪಾಸಿನ ತೂಕವೇ ಈ ಗಾಡಿಯ ದೊಡ್ಡ ಗುಣ. ಭಾರದ ಗಾಡಿಗಳು ಹೂಳುವ ಕಡೆ ಇದು ತೇಲಿದಂತೆ ದಾಟುವುದು ಹಗುರವೆಂಬ ಕಾರಣಕ್ಕೆ. ವರ್ಷಕ್ಕೆ ಎರಡು ಸಲ ಬೇಕಾಗುವುದಕ್ಕಾಗಿ ಆ ಗುಣವನ್ನು ಮುನ್ನೂರ ಅರವತ್ತೈದು ದಿನವೂ ಕಳೆದುಕೊಳ್ಳುವುದು ಜಾಣತನವಲ್ಲ. ಬದಲಿಗೆ ಮುಂದೆ ಹಿಂದೆ ಚಾಸಿಗೇ ಬೋಲ್ಟು ಮಾಡಿದ ಗಟ್ಟಿ ಕೊಕ್ಕೆಗಳು, ಒಂದು ಒಳ್ಳೆಯ ಎಳೆಹಗ್ಗ, ಹಾರೆ, ಎರಡು ಹಲಗೆ ಸಾಕು. ಕೊಕ್ಕೆಯನ್ನು ಬಂಪರಿಗೆ ಕಟ್ಟಿ ಎಳೆಯಕೂಡದು. ಎಳೆಯುವಾಗ ಹಗ್ಗದ ನಡುವೆ ಒದ್ದೆ ಗೋಣಿಚೀಲವೊಂದನ್ನು ಹೊದಿಸಿ, ನೋಡಲು ಬಂದ ಮಕ್ಕಳನ್ನು ಹಗ್ಗದ ಉದ್ದಕ್ಕಿಂತಲೂ ದೂರ ನಿಲ್ಲಿಸಬೇಕು. ಬಿಗಿದ ಹಗ್ಗ ತುಂಡಾಗಿ ಹಿಂದಕ್ಕೆ ಬೀಸಿದರೆ ಜೀವ ತೆಗೆಯುತ್ತದೆ.

ಹಳ್ಳದ ಬಗ್ಗೆ ಒಂದು ಮಾತು. ಎಂಜಿನ್ನಿಗೆ ಉಸಿರೆಳೆಯಲು ಮೇಲೆ ಕೊಳವೆ ಕಟ್ಟಿಸಿದವರು ತಮಗೆ ಯಾವ ಪ್ರವಾಹವೂ ಲೆಕ್ಕವಿಲ್ಲವೆಂದು ಭಾವಿಸುತ್ತಾರೆ. ಕೊಳವೆ ನೀರು ಒಳಹೋಗುವುದನ್ನು ತಡೆದೀತು, ಗಾಡಿ ತೇಲುವುದನ್ನು ತಡೆಯದು. ಹಗುರವಾದ ಗಾಡಿ ಬೇಗ ತೇಲುತ್ತದೆ, ದೊಡ್ಡ ಟೈರಿದ್ದರೆ ಇನ್ನೂ ಬೇಗ. ಮೊಣಕಾಲು ಮೀರಿ ಹರಿಯುವ ನೀರಿಗೆ ಇಳಿಯದೆ ಕಾಯುವುದೇ ಸರಿ. ದಾಟುವಷ್ಟೇ ನೀರಿದ್ದರೂ, ಓಡಿ ಬಿಸಿಯಾದ ಅಚ್ಚು ತಣ್ಣೀರಿಗೆ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ, ಸೀಲುಗಳ ಸಂದಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಎರಡೂ ಅಚ್ಚುಗಳ ಎಣ್ಣೆಯನ್ನು ಬೆರಳಿನಿಂದ ಮುಟ್ಟಿ ನೋಡಬೇಕು. ಅದು ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದು ತಿಳಿದು ಆ ದಿನವೇ ಬದಲಿಸಬೇಕು. ಉಸಿರುಕೊಳವೆಯೊಂದನ್ನು ಅಚ್ಚಿನಿಂದ ಎಂಜಿನ್ನಿನ ಎತ್ತರಕ್ಕೆ ಎಳೆಸಿದರೆ ಈ ತೊಂದರೆ ಬಹುಮಟ್ಟಿಗೆ ನಿಲ್ಲುತ್ತದೆ. ಅದಕ್ಕೆ ಬೇಕಾದದ್ದು ಒಂದೆರಡು ಮೀಟರು ರಬ್ಬರ್ ಕೊಳವೆ.

ಕಾನೂನಿನ ಕಡೆಗೂ ನೋಡಬೇಕಷ್ಟೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ಆರ್.ಸಿ. ಪುಸ್ತಕದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಇದನ್ನು ದೃಢಪಡಿಸಿತು. ಅದೇ ವರ್ಷ ಸೆಪ್ಟೆಂಬರಿನಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ನಿಯಮಬಾಹಿರವಾಗಿ ಬದಲಾಯಿಸಿದ ಮಾಲೀಕನಿಗೆ ಪ್ರತಿಯೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಮುಂದುಗಡೆ ಕೂಡಿಸುವ ಉಕ್ಕಿನ ಗಾರ್ಡುಗಳ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯವು 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಬರೆದಿದೆ. ಊರಲ್ಲಿ ಎಷ್ಟೋ ಗಾಡಿಗಳು ಹಾಗೆಯೇ ಓಡುತ್ತಿವೆಯಲ್ಲ ಎಂದು ಮಗ ಕೇಳಬಹುದು. ಓಡುತ್ತಿವೆ, ನಿಜ. ಆದರೆ 2001ರ ಗಾಡಿಗೆ ಹದಿನೈದು ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆಯಾಗಿ ನೋಂದಣಿ ನವೀಕರಣವಾಗಬೇಕು. ಆ ದಿನ ಇನ್‌ಸ್ಪೆಕ್ಟರ ಮುಂದೆ ನಿಲ್ಲುವುದು ಇದೇ ಗಾಡಿ. ಅಪಘಾತವೇನಾದರೂ ಸಂಭವಿಸಿದರೆ ವಿಮೆಯವರು ತಕರಾರು ತೆಗೆಯಲು ಈ ಬದಲಾವಣೆಗಳೇ ಆಧಾರವಾಗಬಹುದು. ಸಂದೇಹವಿದ್ದ ಕೆಲಸವನ್ನು ಗ್ಯಾರೇಜಿನವರನ್ನಲ್ಲ, ಆರ್.ಟಿ.ಓ. ಕಚೇರಿಯವರನ್ನು ಕೇಳಿ ಮಾಡುವುದು ಮೇಲು. ರಕ್ಷಿತಾರಣ್ಯದೊಳಗೆ ಅಪ್ಪಣೆಯಿಲ್ಲದೆ ಗಾಡಿ ನುಗ್ಗಿಸುವುದು ಅಪರಾಧವೆಂಬುದನ್ನೂ ಮಗನ ಗೆಳೆಯರಿಗೆ ತಿಳಿಸಬೇಕಾದೀತು. ಬೆಟ್ಟದ ಹುಲ್ಲುಗಾವಲಿನ ಮೇಲೆ ಒಮ್ಮೆ ಬಿದ್ದ ಚಕ್ರದ ಜಾಡು ಮುಂದಿನ ಮಳೆಗೆ ಕೊರಕಲಾಗುತ್ತದೆ.

ಇನ್ನು ಯಜಮಾನರ ಮಾತು. ಅದರಲ್ಲಿಯೂ ಹುರುಳಿದೆ. ಈ ಗಾಡಿಗೆ ಏರ್‌ಬ್ಯಾಗು ಇಲ್ಲ, ಚಕ್ರ ಜಾರದಂತೆ ತಡೆಯುವ ಎ.ಬಿ.ಎಸ್. ಬ್ರೇಕಿಲ್ಲ, ಯಾವ ಗ್ಯಾರೇಜೂ ಅವನ್ನು ತಂದು ಕೂಡಿಸಲಾರದು. ಬೆಂಗಳೂರು, ಮಂಗಳೂರುಗಳಿಗೆ ಸಂಸಾರ ಸಮೇತ ಹೆದ್ದಾರಿಯಲ್ಲಿ ಹೋಗಲು ಇದು ತಕ್ಕ ವಾಹನವಲ್ಲ. ಆದರೆ ಇದನ್ನು ಮಾರಿ ತಂದ ಹೊಸ ಕಾರು ಎರಡೇ ಚಕ್ರಗಳಿಂದ ಎಳೆಯುವ ತಗ್ಗಿನ ಗಾಡಿಯಾದರೆ, ಮುಂಗಾರು ಹಿಡಿದ ನಾಲ್ಕು ತಿಂಗಳು ಅದು ಡಾಂಬರಿನ ಅಂಚಿನಲ್ಲಿ ನಿಂತಿರುತ್ತದೆ. ರಾತ್ರಿ ಅತ್ತೆಯವರಿಗೆ ಉಸಿರು ಕಟ್ಟಿದರೆ ಆ ನಾಲ್ಕು ಕಿಲೋಮೀಟರನ್ನು ದಾಟಿಸುವುದು ಈ ಹಳೆಯ ಜಿಪ್ಸಿಯೇ. ಆದ್ದರಿಂದ ಈಗ ಮಾರುವುದು ಬೇಡ. ಚಾಸಿಯ ತುಕ್ಕು ಮಿತಿ ಮೀರಿದೆಯೆಂದು ಸುತ್ತಿಗೆ ಹೇಳಿದರೆ ಮಾತ್ರ ಯಜಮಾನರ ಮಾತನ್ನು ಕೇಳತಕ್ಕದ್ದು.

ಕೆಲಸ ಮುಂಗಾರಿಗೆ ಮೊದಲೇ ಮುಗಿಯಲಿ. ಚಾಸಿ, ಕಿಂಗ್ ಪಿನ್, ಬುಷ್ಷು, ಬ್ರೇಕು ಮೊದಲು, ಟೈರು ಆಮೇಲೆ, ಹಣ ಮಿಕ್ಕರೆ ಒಳ್ಳೆಯ ಶಾಕ್ ಅಬ್ಸಾರ್ಬರು. ಇವೆಲ್ಲ ಮುಗಿದ ಮೇಲೆ ಒಂದು ಒಣ ದಿನ ಮಗನು ತಾಯಿಯನ್ನು ಹಳ್ಳದ ಬಳಿಗೆ ಕರೆದೊಯ್ದು ಫೋರ್ ವೀಲ್ ಹಾಕುವುದನ್ನು ಕಲಿಸಲಿ. ಆ ಸನ್ನೆಯನ್ನು ಇಷ್ಟು ವರ್ಷ ತಾವು ಮುಟ್ಟಿಯೇ ಇಲ್ಲವೆಂದು ತಾಯಿಯವರು ಪತ್ರದ ಕೊನೆಯಲ್ಲಿ ಬರೆದಿದ್ದಾರೆ. ಗಾಡಿಯನ್ನು ಪೂರ್ತಿ ನಿಲ್ಲಿಸಿ ಲೋ ಗೇರಿಗೆ ಹಾಕುವುದು, ಇಳಿಜಾರಿನಲ್ಲಿ ಕ್ಲಚ್ಚಾಗಲಿ ಬ್ರೇಕಾಗಲಿ ಒತ್ತದೆ ಎಂಜಿನ್ನಿನ ಬಿಗಿಯಲ್ಲಿಯೇ ಇಳಿಸುವುದು, ಏರಿನಲ್ಲಿ ಸಮವಾಗಿ ಕಾಲಿಟ್ಟು ಚಕ್ರ ಸುತ್ತದಂತೆ ಹತ್ತಿಸುವುದು, ಡಾಂಬರು ಮುಟ್ಟುವ ಮೊದಲು ಮರೆಯದೆ ಎರಡು ಚಕ್ರಕ್ಕೆ ಮರಳಿಸುವುದು. ಒಣ ಡಾಂಬರಿನ ಮೇಲೆ ಫೋರ್ ವೀಲಿನಲ್ಲಿಯೇ ತಿರುಗಿಸಿದರೆ ಮುಂದಿನ ಹಿಂದಿನ ಅಚ್ಚುಗಳು ಒಂದಕ್ಕೊಂದು ಜಗ್ಗಾಡಿ ಗೇರುಗಳು ಕೆಡುತ್ತವೆ. ನಾಲ್ಕೈದು ಸಲ ಅಭ್ಯಾಸವಾದರೆ ಸಾಕು. ಮಗ ಪಕ್ಕದಲ್ಲಿ ಸುಮ್ಮನೆ ಕುಳಿತಿರಲಿ. ಯಜಮಾನರು ಹಿಂಬದಿಯ ಬೆಂಚಿನ ಮೇಲೆ ಕುಳಿತು ನೋಡಲಿ.

ಇನ್ನೆರಡು ಪತ್ರಗಳು ಉಳಿದಿವೆ. ಅವುಗಳ ವಿಚಾರ ಮುಂದಿನ ಸಂಚಿಕೆಗೆ.